ಹತ್ತದವರು ಕೊಂಡ ಏಣಿ

ಸರಕು ಹಡಗಿನಲ್ಲಿ ಸದಾ ಹೊಸದರಂತೆ ಹೊಳೆಯುವ ಸಾಮಾನು ಯಾವುದೆಂದು ತಿಳಿಯಬೇಕಿದ್ದರೆ, ಯಾರೂ ಮುಟ್ಟದ ಸಾಮಾನು ಯಾವುದೆಂದು ಕೇಳಿದರೆ ಸಾಕು. ತಪಾಸಣೆಗೆ ಬಂದವರಿಗೆ ಮೊದಲು ತೋರಿಸುವುದು ಅದನ್ನೇ. ಅದನ್ನು ನೋಡಿದೊಡನೆ ಅವರ ಮುಖ ಅರಳುತ್ತದೆ, ಪಟ್ಟಿಯಲ್ಲೊಂದು ಟಿಕ್ ಬೀಳುತ್ತದೆ, ಹಿಂದೆಯೇ ಚಹಾ ಬರುತ್ತದೆ. ದಿನವೂ ಬಳಸುವ ಸಾಮಾನಿಗೆ ಈ ಭಾಗ್ಯವಿಲ್ಲ. ಅದು ಸವೆದಿರುತ್ತದೆ, ಎಣ್ಣೆ ಕುಡಿದಿರುತ್ತದೆ, ಡೆಕ್ಕಿನ ಮೂಲೆಯಲ್ಲಿ ಟಾರ್ಪಾಲಿನ ಕೆಳಗೆ ಬಿದ್ದುಕೊಂಡಿರುತ್ತದೆ. ಒಬ್ಬರ ಜೀವ ನಿಂತಿರುವುದು ಮಾತ್ರ ಅದರ ಮೇಲೆ.

ಮೊದಲ ಜಾತಿಗೆ ಸೇರಿದ್ದು ಸಂಕೇತ ದೀಪ. ಎರಡನೆಯದಕ್ಕೆ ಸೇರಿದ್ದು ಹಗ್ಗದ ಏಣಿ. ಎರಡಕ್ಕೂ ಕಾನೂನು ಒಂದೇ. ಹಡಗಿನವರು ಸೋಲಾಸ್ ಎಂದು ಕರೆಯುವ, ಸಮುದ್ರದಲ್ಲಿ ಜೀವರಕ್ಷಣೆಗೆಂದು ದೇಶದೇಶಗಳು ಸೇರಿ ಮಾಡಿಕೊಂಡ ಒಪ್ಪಂದ. ಅದರ 5ನೇ ಅಧ್ಯಾಯದಲ್ಲಿ ಇವೆರಡೂ ನಾಲ್ಕೇ ನಿಯಮಗಳ ಅಂತರದಲ್ಲಿ ನೆರೆಹೊರೆಯವರಾಗಿ ಬಾಳುತ್ತಿವೆ. ದೀಪ 19ನೇ ನಿಯಮದಲ್ಲಿ, ಏಣಿ 23ರಲ್ಲಿ.

ಹಿರಿಯರಿಗೆ ಮೊದಲ ಮರ್ಯಾದೆ. ದೀಪದಿಂದಲೇ ಆರಂಭಿಸೋಣ.

150 ಟನ್ ಮತ್ತು ಅದಕ್ಕೂ ಮೇಲ್ಪಟ್ಟ ಹಡಗುಗಳಿಗೆಲ್ಲ, ಜನರನ್ನು ಸಾಗಿಸುವ ಹಡಗಾದರೆ ಗಾತ್ರವನ್ನೇ ನೋಡದೆ, ಹಗಲಲ್ಲೂ ಇರುಳಲ್ಲೂ ಬೆಳಕಿನಿಂದ ಮಾತಾಡುವ ಸಾಧನವೊಂದು ಕಡ್ಡಾಯ. ನಾವಿಕರ ಬಾಯಲ್ಲಿ ಅದು ಆಲ್ಡಿಸ್ ಲ್ಯಾಂಪ್. ಅದು ಹೇಗಿರಬೇಕೆಂದು ಹೇಳುವಾಗ ನಿಯಮ ಬರೆದವರು ಮದುವೆ ಸೀರೆ ಆರಿಸುವ ಅತ್ತೆಯಂದಿರನ್ನೂ ಮೀರಿಸಿದ್ದಾರೆ. ಬಿಸಿಲಲ್ಲಿ ಕನಿಷ್ಠ 2 ನಾಟಿಕಲ್ ಮೈಲು ದೂರಕ್ಕೆ ಕಾಣಬೇಕು. ಹಡಗಿನ ಕರೆಂಟು ಹೋದರೂ ಉರಿಯಬೇಕು. ಹೊತ್ತೊಯ್ಯುವ ಬ್ಯಾಟರಿ 7.5 ಕೆಜಿ ಮೀರಕೂಡದು, 2 ಗಂಟೆಗೆ ಮೊದಲು ಕೈಕೊಡಕೂಡದು. ಜೊತೆಗೆ ಮೂರು ಬಲ್ಬು ಹೆಚ್ಚುವರಿ ಇರಬೇಕು. ಇಷ್ಟಕ್ಕೆ ಮುಗಿಯಲಿಲ್ಲ. ಕೈಗೆ ಗ್ಲೌಸ್ ತೊಟ್ಟವರೂ ಅದನ್ನು ನಡೆಸುವಂತಿರಬೇಕು. ಚಳಿಗೆ ಮರಗಟ್ಟಿದ ಬೆರಳಿನ ಕಷ್ಟದವರೆಗೆ ಯೋಚಿಸಿದ ಪುಣ್ಯಾತ್ಮರು ಅವರು. ಆ ಬೆರಳಿಗೆ ಮೋರ್ಸ್ ಬರುತ್ತದೆಯೇ ಎಂಬುದಷ್ಟೇ ದೀಪದ ಅಳತೆಪಟ್ಟಿಯಲ್ಲಿ ಇಲ್ಲ.

ರೇಡಿಯೋದಲ್ಲಿ ಮೋರ್ಸ್ ಬಡಿಯುವ ಕಾಲ 1999ರ ಫೆಬ್ರವರಿ 1ಕ್ಕೆ ಅಧಿಕೃತವಾಗಿ ಮುಗಿಯಿತು. ಉಪಗ್ರಹ ಬಂತು, ಗುಂಡಿ ಒತ್ತಿದರೆ ಕೂಗಿಕೊಳ್ಳುವ ಯಂತ್ರ ಬಂತು. ದೀಪದ ಮೋರ್ಸ್ ಮಾತ್ರ ಪರೀಕ್ಷೆಯಲ್ಲಿ ಬದುಕಿದೆ. ಡೆಕ್ ಆಫೀಸರ್ ಆಗುವವನು ಎಸ್‌ಓಎಸ್ ಮಿಣುಕಿಸಲು ಕಲಿತಿರಬೇಕು, ಒಂದೊಂದೇ ಅಕ್ಷರದ ಸಂಕೇತಗಳನ್ನು ಗುರುತಿಸಬೇಕು. ಜಿ ಎಂದರೆ ನನಗೆ ಪೈಲಟ್ ಬೇಕು. ಎಚ್ ಎಂದರೆ ಪೈಲಟ್ ಹಡಗಿನಲ್ಲಿದ್ದಾರೆ. ಎಲ್ ಎಂದರೆ ನಿಮ್ಮ ಹಡಗನ್ನು ಈ ಕ್ಷಣ ನಿಲ್ಲಿಸಿ. ಎರಡು ಗಿಡ್ಡ ಮಿಣುಕು, ಒಂದು ಉದ್ದ ಮಿಣುಕು ಬಂದರೆ ಅದು ಯು: ನೀವು ಅಪಾಯದತ್ತ ಹೋಗುತ್ತಿದ್ದೀರಿ. ಪರೀಕ್ಷೆಯ ಹಿಂದಿನ ರಾತ್ರಿ ಇವೆಲ್ಲ ಬಾಯಿಗೆ ಬರುತ್ತವೆ. ಮರುದಿನ ಮಧ್ಯಾಹ್ನದ ಊಟದ ಹೊತ್ತಿಗೆ ನಮ್ಮ ಎಸ್ಸೆಸ್ಸೆಲ್ಸಿಯ ತ್ರಿಕೋನಮಿತಿ ಹೋದ ಕಡೆಗೇ ಹೋಗಿರುತ್ತವೆ. ಇಂದು ಯಾವನಾದರೂ ಶ್ರದ್ಧಾವಂತ ಆಫೀಸರ್ ಎದುರಿನ ಹಡಗಿಗೆ ಯು ಮಿಣುಕಿಸಿದ ಎನ್ನಿ. ಆ ಕಡೆಯ ಬ್ರಿಜ್ಜಿನಲ್ಲಿ ನಿಂತ ಹುಡುಗ ಮೊಬೈಲ್ ತೆಗೆದು ವಿಡಿಯೋ ಮಾಡಿಕೊಳ್ಳುತ್ತಾನೆ. ನೋಡಲು ಚೆನ್ನಾಗಿರುತ್ತದಲ್ಲ.

ದೀಪವನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಬ್ಯಾಟರಿಯೊಂದಿದ್ದರೆ ಸಾಕು, ಕರೆಂಟಿಲ್ಲದ ಕತ್ತಲ ಹಡಗಿನಿಂದಲೂ ಮಾತಾಡಬಲ್ಲ ಪ್ರಾಮಾಣಿಕ ವಸ್ತು ಅದು. ಆದರೆ ಬೆಳಕು ಬೀರಿದರಷ್ಟೇ ಸಾಲದು, ಆ ಕಡೆ ಓದುವವನೊಬ್ಬ ಇರಬೇಕು. 1912ರ ಏಪ್ರಿಲ್ 14ರ ರಾತ್ರಿ ಮುಳುಗುತ್ತಿದ್ದ ಟೈಟಾನಿಕ್‌ನಿಂದ ದೂರದಲ್ಲಿ ಕಾಣುತ್ತಿದ್ದ ಹಡಗೊಂದರತ್ತ ಮೋರ್ಸ್ ದೀಪ ಮಿಣುಕಿಸಿದರು. ಬ್ರಿಟಿಷ್ ವಿಚಾರಣೆಯ ತೀರ್ಮಾನದಂತೆ ಅದು ಕ್ಯಾಲಿಫೋರ್ನಿಯನ್ ಎಂಬ ಹಡಗು. ತಮಾಷೆ ಏನೆಂದರೆ ಕ್ಯಾಲಿಫೋರ್ನಿಯನ್‌ನವರೂ ಅದೇ ರಾತ್ರಿ ತಮಗೆ ಕಾಣುತ್ತಿದ್ದ ಹಡಗಿನತ್ತ ತಮ್ಮ ದೀಪ ಮಿಣುಕಿಸಿದ್ದರು. ಉತ್ತರ ಬರಲಿಲ್ಲವೆಂದು ಎರಡೂ ಕಡೆಯವರು ವಿಚಾರಣೆಯಲ್ಲಿ ಹೇಳಿಕೆ ಕೊಟ್ಟರು. ಕ್ಯಾಲಿಫೋರ್ನಿಯನ್‌ನ ರೇಡಿಯೋ ಆಪರೇಟರ್ ಮಲಗಿಬಿಟ್ಟಿದ್ದ. ಟೈಟಾನಿಕ್ ಹಾರಿಸಿದ ರಾಕೆಟ್ಟುಗಳನ್ನು ಕ್ಯಾಲಿಫೋರ್ನಿಯನ್‌ನ ಡೆಕ್ಕಿನಲ್ಲಿದ್ದವರು ಕಂಡರು, ಎಣಿಸಿದರು, ಕ್ಯಾಪ್ಟನ್‌ಗೆ ವರದಿಯನ್ನೂ ಒಪ್ಪಿಸಿದರು. ಸಲಕರಣೆಗಳೆಲ್ಲ ಸುಸ್ಥಿತಿಯಲ್ಲಿದ್ದವು. ಇವತ್ತಿನ ತಪಾಸಣಾ ಪಟ್ಟಿಯಲ್ಲಾದರೆ ಎರಡೂ ಹಡಗಿಗೆ ದೀಪದ ಕಾಲಮಿನಲ್ಲಿ ಪೂರ್ತಿ ಅಂಕ ಬೀಳುತ್ತಿತ್ತು.

ಇನ್ನು ದಿನಾ ದುಡಿಯುವ ಏಣಿಯ ಸಂಗತಿ.

ಪೈಲಟ್ ಎಂದರೆ ಇಲ್ಲಿ ವಿಮಾನದವರಲ್ಲ. ಬಂದರಿನ ಬಾಯಲ್ಲಿ ಎಲ್ಲಿ ಮರಳು ದಿಬ್ಬವಿದೆ, ಎಲ್ಲಿ ಸೆಳೆತವಿದೆ ಎಂದು ಬಲ್ಲ, ಹೊರಗಿನಿಂದ ಬಂದ ಹಡಗನ್ನು ಒಳಗೆ ತಂದು ಧಕ್ಕೆಗೆ ಕಟ್ಟಿಸುವ ಬಂದರಿನ ಕ್ಯಾಪ್ಟನ್. ಪಣಂಬೂರಿನ ನವಮಂಗಳೂರು ಬಂದರಿಗೆ ಕಚ್ಚಾ ತೈಲ ತರುವ ಟ್ಯಾಂಕರಾಗಲಿ, ಕಬ್ಬಿಣದ ಅದಿರಿನ ಉಂಡೆ ಒಯ್ಯಲು ಖಾಲಿ ಬರುವ ಹಡಗಾಗಲಿ, ಅವರಿಲ್ಲದೆ ಒಳಗೆ ಬರುವಂತಿಲ್ಲ. ಹಡಗು ಅವರಿಗಾಗಿ ನಿಲ್ಲುವುದೂ ಇಲ್ಲ. ನಿಧಾನಕ್ಕೆ ಸಾಗುತ್ತಲೇ ಇರುತ್ತದೆ. ಬಂದರಿನ ಲಾಂಚ್ ಅದರ ಪಕ್ಕಕ್ಕೆ ಒತ್ತಿಕೊಂಡು ಓಡುತ್ತದೆ. ಮೇಲಿನಿಂದ ಇಳಿಬಿಟ್ಟ ಹಗ್ಗದ ಏಣಿಯನ್ನು ಹಿಡಿದು ಅವರು ಹತ್ತಬೇಕು. ಜಗತ್ತಿನ ವ್ಯಾಪಾರದಲ್ಲಿ, ತೂಕದ ಲೆಕ್ಕಕ್ಕೆ, 100ರಲ್ಲಿ 80 ಪಾಲಿಗೂ ಹೆಚ್ಚು ಸಮುದ್ರದ ಮೇಲೆ ಸಾಗುತ್ತದೆ. ಅಷ್ಟೂ ಸರಕು ಬಂದರು ಸೇರುವ ಮುನ್ನ ಒಬ್ಬ ಮನುಷ್ಯ, ಸಾಮಾನ್ಯವಾಗಿ ಐವತ್ತರ ಆಸುಪಾಸಿನವರು, ಮರದ ಮೆಟ್ಟಿಲು ಕಟ್ಟಿದ ಹಗ್ಗಕ್ಕೆ ಜೋತುಬೀಳಬೇಕು.

ಯಂತ್ರ ಇರಲಿಲ್ಲವೇ ಎಂದು ಕೇಳಬಹುದು. ಇತ್ತು. ಪೈಲಟ್‌ರನ್ನು ಮೇಲೆತ್ತುವ ಮೋಟಾರಿನ ಸಾಧನವೊಂದು ನಿಯಮದಲ್ಲೇ ಇತ್ತು. 2012ರ ಜುಲೈ 1ರಿಂದ ಅದನ್ನು ಬಳಸಲೇ ಕೂಡದೆಂದು ಸೋಲಾಸ್ ನಿಷೇಧಿಸಿತು. ಹೀಗೆ ಚಾಲಕನಿಲ್ಲದ ಹಡಗಿನ ಬಗ್ಗೆ ಸೆಮಿನಾರು ನಡೆಸುತ್ತಿರುವ ಉದ್ಯಮ ಇಪ್ಪತ್ತೊಂದನೆಯ ಶತಮಾನದಲ್ಲಿ ಯಂತ್ರವನ್ನು ಕಳಚಿಟ್ಟು ಹಗ್ಗಕ್ಕೇ ನಮಸ್ಕಾರ ಹಾಕಿದೆ.

ಆ ಹಗ್ಗದ ಏಣಿಗಾದರೂ ನಿಯಮದ ಕೊರತೆಯಿಲ್ಲ. ಎರಡು ಬದಿಯ ಹಗ್ಗಗಳ ನಡುವೆ ಕಾಲಿಡಲು 400 ಮಿಲಿಮೀಟರ್ ಜಾಗ ಬೇಕು. ಮೆಟ್ಟಿಲು 115 ಮಿಲಿಮೀಟರ್ ಅಗಲ, 25 ಮಿಲಿಮೀಟರ್ ದಪ್ಪ ಇರಬೇಕು. ಏಣಿ ಸುತ್ತಿಕೊಳ್ಳದಂತೆ ನಡುನಡುವೆ 1.8 ಮೀಟರ್ ಉದ್ದದ ಅಡ್ಡಪಟ್ಟಿಗಳಿರಬೇಕು; ಎಲ್ಲಕ್ಕಿಂತ ಕೆಳಗಿನದು ಕೆಳಗಿನಿಂದ ಐದನೆಯ ಮೆಟ್ಟಿಲೇ ಆಗಿರಬೇಕು. ಹತ್ತುವ ಎತ್ತರ 1.5 ಮೀಟರಿಗಿಂತ ಕಡಿಮೆಯಿರಕೂಡದು, 9 ಮೀಟರಿಗಿಂತ ಹೆಚ್ಚಿರಕೂಡದು. 9 ಮೀಟರೆಂದರೆ ಮೂರಂತಸ್ತಿನ ಮನೆಯ ತಾರಸಿ. ಅದಕ್ಕೂ ಎತ್ತರವಾದರೆ ಹಗ್ಗದ ಏಣಿಯ ಜೊತೆಗೆ ಓರೆಯಾಗಿ ಇಳಿಯುವ ಲೋಹದ ಮೆಟ್ಟಿಲನ್ನೂ ಹೊಂದಿಸಬೇಕು. ಮುರಿದ ಮೆಟ್ಟಿಲಿಗೆ ಬದಲಿ ಮೆಟ್ಟಿಲನ್ನು ಮೂಲದ ರೀತಿಯಲ್ಲಲ್ಲದೆ ಬೇರೆ ರೀತಿ ಕಟ್ಟಿದ್ದರೆ, ಅಂಥವು ಎರಡಕ್ಕಿಂತ ಹೆಚ್ಚಿರಬಾರದು. ಎರಡರವರೆಗೆ ದೇವರು ಕಾಯುತ್ತಾನೆ, ಮೂರನೆಯದರಿಂದ ಆತನ ಜವಾಬ್ದಾರಿ ಮುಗಿಯುತ್ತದೆ ಎಂದು ಇದರ ಭಾವಾರ್ಥವಿರಬೇಕು.

ಇಷ್ಟೆಲ್ಲ ಮಿಲಿಮೀಟರುಗಳ ಕಾವಲಿದ್ದೂ, ಪೈಲಟ್‌ರ ಅಂತರರಾಷ್ಟ್ರೀಯ ಸಂಘ ಆಗಾಗ ನಡೆಸುವ ಸಮೀಕ್ಷೆಗಳಲ್ಲಿ 100ರಲ್ಲಿ 10ಕ್ಕೂ ಹೆಚ್ಚು ಏಣಿ ನಿಯಮದಂತಿಲ್ಲವೆಂದು ಮತ್ತೆ ಮತ್ತೆ ಗೊತ್ತಾಗುತ್ತಿದೆ. ಏಕೆ ಹೀಗೆ ಎಂಬುದಕ್ಕೆ ಸಮಿತಿ ಬೇಕಿಲ್ಲ. ಹಡಗಿನಲ್ಲಿರುವ ಸುರಕ್ಷತಾ ಸಾಮಾನುಗಳ ಪೈಕಿ ಹಡಗಿಗೆ ಸೇರದ ಮನುಷ್ಯನೊಬ್ಬ ದಿನನಿತ್ಯ ಬಳಸುವುದು ಇದೊಂದನ್ನೇ. ಲೈಫ್ ಜಾಕೆಟ್ಟು ಹಡಗಿನವನ ಕೊರಳಿಗೆ ಬೀಳುತ್ತದೆ. ಅದರ ಪಟ್ಟಿ ಹರಿದರೆ ಅವನೇ ಗಲಾಟೆ ಮಾಡುತ್ತಾನೆ. ಏಣಿ ಹತ್ತುವವರು ಪಣಂಬೂರಿನವರು. ಇಂದು ಬರುತ್ತಾರೆ, ಸಂಜೆಗೆ ಇಳಿಯುತ್ತಾರೆ, ನಾಳೆ ಬೇರೆ ಹಡಗು. ಅವರ ಕಾಲ ಕೆಳಗಿನ ಮರದ ತುಂಡನ್ನು ಯಾರು, ಎಲ್ಲಿ ಕೂತು, ಎಷ್ಟಕ್ಕೆ ಕೊಂಡರೆಂದು ಅವರಿಗೆ ಗೊತ್ತಾಗುವ ದಾರಿಯೇ ಇಲ್ಲ.

ಗೊತ್ತುಮಾಡಿಕೊಳ್ಳಲು ಹೊರಟರೆ ಭೂಗೋಳದ ಪಾಠವಾಗುತ್ತದೆ. ಮಾಲೀಕ ಅಥೆನ್ಸಿನಲ್ಲಿ. ಹಡಗು ನೋಡಿಕೊಳ್ಳುವ ಕಂಪನಿ ಸಿಂಗಾಪುರದಲ್ಲಿ. ದೃಢೀಕರಿಸುವ ಸಂಸ್ಥೆ ಟೋಕಿಯೋದಲ್ಲಿ. ಹಿಂಬದಿಯಲ್ಲಿ ಹಾರುವ ಬಾವುಟ ಲೈಬೀರಿಯಾದ್ದು. ಲೈಬೀರಿಯಾದ ಹಡಗು ನೋಂದಣಿ ಕಚೇರಿ ನಡೆಯುವುದು ಅಮೆರಿಕದ ವರ್ಜೀನಿಯಾದಿಂದ. ಬೇಡವೆಂದರೆ ಮಂಗೋಲಿಯಾದ ಬಾವುಟವೂ ಸಿಗುತ್ತದೆ. ಸಮುದ್ರವನ್ನೇ ಕಾಣದ ಆ ದೇಶ 2003ರಲ್ಲಿ ಹಡಗು ನೋಂದಣಿ ಶುರುಮಾಡಿ ಸಿಂಗಾಪುರದಲ್ಲಿ ಅಂಗಡಿ ತೆರೆಯಿತು. ಮೀನಿನ ಮುಳ್ಳು ಗಂಟಲಿಗೆ ಸಿಕ್ಕಿ ಗೊತ್ತಿಲ್ಲದವರು ಮೀನುಗಾರಿಕೆ ಲೈಸೆನ್ಸ್ ಕೊಟ್ಟರೆ ತಪ್ಪೇನು ಎಂದು ಕೇಳುವವರಿಗೆ ನನ್ನಲ್ಲಿ ಉತ್ತರವಿಲ್ಲ. 2025ರ ಮೇ 25ರಂದು ಕೊಚ್ಚಿಯಾಚೆ ಮುಳುಗಿದ ಎಂಎಸ್‌ಸಿ ಎಲ್ಸಾ 3ರ ಮೇಲಿದ್ದದ್ದೂ ಲೈಬೀರಿಯಾದ ಬಾವುಟವೇ. ಅದರಲ್ಲಿದ್ದ 24 ಮಂದಿ ಬದುಕಿದರೆಂಬುದು ಸಮಾಧಾನದ ಮಾತು. ಆದರೆ ಕಂಟೇನರುಗಳೂ ಅವುಗಳೊಳಗಿನ ಪ್ಲಾಸ್ಟಿಕ್ ಕಾಳುಗಳೂ ತೇಲಿಬಂದು ಬಡಿದದ್ದು ಕೇರಳದ ದಡಕ್ಕೆ. ಲೈಬೀರಿಯಾದ ರಾಜಧಾನಿ ಮನ್ರೋವಿಯಾದ ಬೀಚಿಗೆ ಒಂದು ಕಾಳೂ ಹೋಗಲಿಲ್ಲ.

ಈ ಐದು ಊರಿನವರೂ ಏಣಿಯ ಕಾಗದಕ್ಕೆ ಸಂಬಂಧಪಟ್ಟವರು. ಐವರಲ್ಲಿ ಯಾರೊಬ್ಬರೂ ಅದನ್ನು ಹತ್ತುವವರಲ್ಲ. ಹತ್ತುವವರಿಗೂ ಏಣಿಯ ಬಿಲ್ಲಿಗೂ ಸಂಬಂಧವಿಲ್ಲ. ಸುರಕ್ಷತೆ ಎಂಬ ದೊಡ್ಡ ಶಬ್ದದ ಹಿಂದೆ ನಡೆಯುತ್ತಿರುವ ಸಣ್ಣ ವ್ಯಾಪಾರ ಇಷ್ಟೇ. ಬಿದ್ದರೆ ಯಾರು ಬೀಳುತ್ತಾರೋ ಅವರನ್ನು ಬಿಟ್ಟು ಉಳಿದವರೆಲ್ಲ ಸೇರಿ ಅಗ್ಗದ್ದು ಯಾವುದೆಂದು ತೀರ್ಮಾನಿಸುವುದು. ನಮ್ಮೂರ ರಸ್ತೆಯಲ್ಲಿ ಪೊಲೀಸಪ್ಪನ ಕಣ್ಣಿಗೆಂದು 200 ರೂಪಾಯಿಗೆ ಕೊಂಡು ತಲೆಗೆ ಬೋರಲು ಹಾಕುವ ಹಾಫ್ ಹೆಲ್ಮೆಟ್ಟಿಗೂ ಈ ಏಣಿಗೂ ಇರುವ ವ್ಯತ್ಯಾಸವೆಂದರೆ, ಹೆಲ್ಮೆಟ್ ಕೊಂಡವನ ತಲೆಯಾದರೂ ಅದರೊಳಗಿರುತ್ತದೆ.

ಇನ್ನು ತಪಾಸಣೆ. ಹಡಗು ಧಕ್ಕೆಯಲ್ಲಿದೆ, ಹೊರಗೆ ಜುಲೈ ತಿಂಗಳ ಮಳೆ. ತಪಾಸಣೆಗೆ ಬಂದ ಸಾಹೇಬರು ಮೈಸೂರು ಸೀಮೆಯವರು. ಚೀಫ್ ಆಫೀಸರ್ ನಮ್ಮ ಸುರತ್ಕಲ್ಲಿನ ಹುಡುಗ ಎಂದು ಇಟ್ಟುಕೊಳ್ಳಿ. ಮಾತುಕತೆ ಹೀಗೆ ಸಾಗುತ್ತದೆ.

"ಪೈಲಟ್ ಲ್ಯಾಡರ್ ಎಲ್ಲಪ್ಪಾ?"

"ಇದಾ ಸಾರ್, ಸರ್ಟಿಫಿಕೇಟು."

"ಸರ್ಟಿಫಿಕೇಟಲ್ಲ ಕಣಯ್ಯಾ, ಏಣಿ."

"ಅದು ಡೆಕ್ಕಿನಲ್ಲಿ ಉಂಟು ಸಾರ್. ಮಳೆ ಜೋರುಂಟು, ನೀವು ಒದ್ದೆಯಾಗ್ತೀರಿ. ಇದರಲ್ಲಿ ಏಣಿಯ ನಂಬರು ಉಂಟಲ್ಲ."

"ಏಣಿ ಮೇಲಿರೋದೂ ಇದೇ ನಂಬರೇನು?"

"ಸರ್ಟಿಫಿಕೇಟಿನ ಪ್ರಕಾರ ಅದೇ ಸಾರ್."

"ಮೆಟ್ಲುಗೆ ಬಣ್ಣ ಬಳ್ದಿದ್ದೀರಂತೆ? ಬಳೀಬಾರ್ದು ಅಂತ ಗೊತ್ತಿಲ್ವಾ?"

"ಹಿಂದಿನ ಪೋರ್ಟಿನವರು ಬಿರುಕು ಕಾಣ್ತದೆ ಅಂತ ಬರೆದಿದ್ರು ಸಾರ್. ಈಗ ಕಾಣುವುದಿಲ್ಲ."

"ಹೂಂ. ಆಲ್ಡಿಸ್ ಲ್ಯಾಂಪು?"

"ಅದು ಹೊಸತು ಸಾರ್! ಹತ್ತು ವರ್ಷದಿಂದ ಹೊಸತು."

ಸಾಹೇಬರ ಮುಖ ಅರಳುತ್ತದೆ. ಗುಂಡಿ ಒತ್ತುತ್ತಾರೆ, ಬೆಳಕು ಬರುತ್ತದೆ. ಮೂರು ಬಲ್ಬು ಎಣಿಸುತ್ತಾರೆ, ಮೂರಿವೆ. ಏಣಿಯ ಕಾಲಮಿಗೂ ಅದೇ ಉತ್ಸಾಹದಲ್ಲಿ ಟಿಕ್ ಬಿದ್ದುಬಿಡುತ್ತದೆ. ಹಾಗೆಂದು ಎಲ್ಲ ಸಾಹೇಬರೂ ಹೀಗಲ್ಲ. ಮಳೆಯಲ್ಲಿ ನೆನೆದು, ಮೊಣಕಾಲೂರಿ, ಹಗ್ಗದ ಎಳೆ ಬಿಡಿಸಿ ನೋಡಿ ಹಡಗನ್ನೇ ತಡೆಹಿಡಿದವರಿದ್ದಾರೆ. ಅಂಥವರು ಬಂದ ದಿನ ಏಜೆಂಟರ ಫೋನು ಬಿಸಿಯಾಗುತ್ತದೆ. ಹಡಗೊಂದು ದಿನ ನಿಂತರೆ ಆಗುವ ನಷ್ಟದ ಮುಂದೆ ಒಂದು ಹೊಸ ಏಣಿಯ ಬೆಲೆ ಚಿಲ್ಲರೆ ಕಾಸು. ಆದರೂ ಮೊದಲೇ ಏಣಿ ಕೊಳ್ಳುವುದಕ್ಕಿಂತ ಆಮೇಲೆ ಫೋನು ಮಾಡುವುದು ಹಡಗುಲೋಕದ ಹಳೆಯ ಅಭ್ಯಾಸ.

ಅಭ್ಯಾಸ ಎಷ್ಟು ಹಳೆಯದೆಂದು ತಿಳಿಯಲು ಮತ್ತೆ ಟೈಟಾನಿಕ್ ಹತ್ತಬೇಕು. ಆ ಹಡಗು ಕಾನೂನು ಮುರಿದಿತ್ತೆಂದು ಅನೇಕರು ತಿಳಿದಿದ್ದಾರೆ. ಶುದ್ಧ ಅಪಪ್ರಚಾರ. ಬ್ರಿಟನ್ನಿನ ಆಗಿನ ನಿಯಮದಲ್ಲಿ ದೋಣಿಗಳ ಲೆಕ್ಕ ಹಡಗಿನ ಟನ್ನಿಗೆ ತಕ್ಕಂತೆ ಇತ್ತು, ತಲೆಗೆ ತಕ್ಕಂತಲ್ಲ. ಪಟ್ಟಿಯ ಕೊನೆಯ ಸಾಲು 10,000 ಟನ್ನಿಗೆ ನಿಂತುಹೋಗಿತ್ತು: ಅದಕ್ಕೂ ಮೇಲಿನದಕ್ಕೆಲ್ಲ 16 ದೋಣಿ. ಟೈಟಾನಿಕ್ 46,000 ಟನ್ನಿಗೂ ಹೆಚ್ಚು. ಆದರೂ ಉದಾರಿಗಳಾದ ಮಾಲೀಕರು 20 ದೋಣಿ ಇಟ್ಟರು. ಕಾನೂನು ಕೇಳಿದ್ದಕ್ಕಿಂತ ನಾಲ್ಕು ಹೆಚ್ಚು! ಅವುಗಳಲ್ಲಿ 1,178 ಜನಕ್ಕೆ ಜಾಗವಿತ್ತು. ಹಡಗಿನಲ್ಲಿ ಸುಮಾರು 2,200 ಜನರಿದ್ದರು. ಸೌತಾಂಪ್ಟನ್ ಬಿಡುವ ಮುನ್ನ ಅಧಿಕಾರಿಯ ಎದುರು ಎರಡು ದೋಣಿ ನೀರಿಗಿಳಿಸಿ ತೋರಿಸಲಾಯಿತು, ಪತ್ರಕ್ಕೆ ಸಹಿ ಬಿತ್ತು. ಐದೇ ದಿನದಲ್ಲಿ ಸುಮಾರು 1,500 ಮಂದಿ ನಿಯಮಬದ್ಧವಾಗಿ ಸತ್ತರು.

ಒಂದು ಅಪವಾದವನ್ನು ಹೇಳದಿದ್ದರೆ ಅನ್ಯಾಯವಾದೀತು. ಹಡಗಿನ ಕಂಪನಿಯ ಅಧ್ಯಕ್ಷ ಜೆ. ಬ್ರೂಸ್ ಇಸ್ಮೆ ಆ ಪ್ರಯಾಣದಲ್ಲಿ ಜೊತೆಗಿದ್ದ. ಕೊನೆಯ ಹೊತ್ತಿನಲ್ಲಿ ಮಡಚುವ ದೋಣಿಯೊಂದರಲ್ಲಿ ಕೂತು ಪಾರಾದ. ಸುರಕ್ಷತಾ ಸಾಮಾನಿಗೆ ದುಡ್ಡು ಕೊಟ್ಟವರೇ ಅದನ್ನು ಬಳಸಿ ನೋಡಿದ ಅಪರೂಪದ ದಾಖಲೆ ಅದು. ದೋಣಿ ಚೆನ್ನಾಗಿಯೇ ಕೆಲಸ ಮಾಡಿತು. ಕೊರತೆ ಇದ್ದದ್ದು ಸಂಖ್ಯೆಯಲ್ಲಿ ಮಾತ್ರ.

ಈ ಸಾವುಗಳ ಮೇಲೆಯೇ 1914ರಲ್ಲಿ ಲಂಡನ್ನಿನಲ್ಲಿ ಮೊದಲ ಸೋಲಾಸ್ ಹುಟ್ಟಿತು. ಎಲ್ಲರಿಗೂ ದೋಣಿಯಲ್ಲಿ ಜಾಗವಿರಬೇಕೆಂದು ಒಪ್ಪಿಕೊಂಡ ಕೂಡಲೇ ಆ ದೇಶಗಳು ಪರಸ್ಪರರ ಹಡಗುಗಳನ್ನು ಮುಳುಗಿಸುವ ಯುದ್ಧಕ್ಕೆ ಹೊರಟಿದ್ದರಿಂದ ಒಪ್ಪಂದ ಜಾರಿಯಾಗಲಿಲ್ಲ. ಅಮೆರಿಕ 1915ರಲ್ಲಿ ತನ್ನದೇ ಕಾನೂನು ಮಾಡಿ ದೋಣಿ ಹೆಚ್ಚಿಸಲು ಹೇಳಿತು. ಈಸ್ಟ್‌ಲ್ಯಾಂಡ್ ಎಂಬ ವಿಹಾರದ ಹಡಗು ಮೊದಲೇ ಓಲಾಡುವ ಸ್ವಭಾವದ್ದು. ಅದರ ನೆತ್ತಿಯ ಮೇಲೆ ಇನ್ನಷ್ಟು ದೋಣಿಗಳನ್ನೂ ತೆಪ್ಪಗಳನ್ನೂ ಹೇರಿದರು. 1915ರ ಜುಲೈ 24ರ ಬೆಳಿಗ್ಗೆ ಷಿಕಾಗೋ ನದಿಯಲ್ಲಿ, ಧಕ್ಕೆಗೆ ಕಟ್ಟಿದ್ದಾಗಲೇ ಅದು ಮಗ್ಗುಲಿಗೆ ಮಗುಚಿತು. 844 ಮಂದಿ ಸತ್ತರು. ಮುಳುಗಿಸಿದ್ದು ನಿಯಮವೊಂದೇ ಅಲ್ಲ, ಹಡಗಿನ ಮೂಲ ದೋಷವೂ ಇತ್ತು. ಆದರೆ ದೋಣಿ ಎಣಿಸಿದವರು ಯಾರೂ ಹಡಗು ನೆಟ್ಟಗೆ ನಿಂತಿದೆಯೇ ಎಂದು ನೋಡಲಿಲ್ಲ. ಅದು ಅವರ ಕಾಲಮ್ಮಿನಲ್ಲಿ ಇರಲಿಲ್ಲ.

ಕಾನೂನು ಜಾಣವಾದಂತೆ ತಪ್ಪಿಸಿಕೊಳ್ಳುವ ದಾರಿಯೂ ಜಾಣವಾಯಿತು. ಹಳೆಯ ಹಡಗಿಗೆ ಹಳೆಯ ನಿಯಮ ಎಂಬುದು ಅದರಲ್ಲಿ ರಾಜಮಾರ್ಗ. 1986ರ ಜುಲೈ 1ರ ನಂತರ ಕಟ್ಟಿದ ಹಡಗುಗಳಲ್ಲಿ ಜೀವರಕ್ಷಕ ದೋಣಿಗೆ ಮುಚ್ಚಳ ಇರಬೇಕೆಂದು ನಿಯಮ ಬಂತು. ಅದಕ್ಕೆ ಮೊದಲೇ ಹುಟ್ಟಿದವು ತೆರೆದ ದೋಣಿಯಲ್ಲೇ ದಿನ ದೂಡಬಹುದಿತ್ತು. 1975ರಲ್ಲಿ ಕಟ್ಟಿದ ಎಲ್ ಫಾರೋ ಎಂಬ ಅಮೆರಿಕದ ಸರಕು ಹಡಗು 2015ರ ಅಕ್ಟೋಬರ್ 1ರಂದು ಬಹಾಮಾಸ್ ಬಳಿ ಚಂಡಮಾರುತಕ್ಕೆ ಸಿಕ್ಕಾಗ ಅದರಲ್ಲಿದ್ದದ್ದು ತಲೆಯ ಮೇಲೆ ಏನೂ ಇಲ್ಲದ ಅದೇ ತೆರೆದ ದೋಣಿಗಳು. 33 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ದೋಣಿಗಳು ಪೂರ್ತಿ ಕಾನೂನುಬದ್ಧವಾಗಿದ್ದವು. ಹಡಗು ಹಳೆಯದೆಂದು ಸಮುದ್ರವೇನೂ ಹಳೆಯ ಅಲೆ ಕಳಿಸಲಿಲ್ಲ.

ಮುಚ್ಚಿದ ದೋಣಿಗಳ ಕಥೆ ಬೇರೆ. ಅವನ್ನು ತೂಗುಹಾಕುವ ಕೊಕ್ಕೆಗಳು ಡ್ರಿಲ್ ವೇಳೆಯಲ್ಲೇ ಬಿಚ್ಚಿಕೊಂಡು ದೋಣಿಗಳು ನೀರಿಗಪ್ಪಳಿಸಿದವು. ಬ್ರಿಟನ್ನಿನ ಹಡಗು ಅಪಘಾತ ತನಿಖಾ ಸಂಸ್ಥೆ 2001ರಲ್ಲಿ ಹಿಂದಿನ ಹತ್ತು ವರ್ಷದ ಕಡತ ಬಿಚ್ಚಿದಾಗ, ತಾನು ತನಿಖೆ ಮಾಡಿದ ದೋಣಿ ಅವಘಡಗಳಲ್ಲಿ 12 ನಾವಿಕರು ಸತ್ತಿದ್ದು ಕಂಡಿತು. ಕೊನೆಗೆ 2006ರಲ್ಲಿ ನಿಯಮ ಸಡಿಲವಾಯಿತು: ಅಭ್ಯಾಸಕ್ಕಾಗಿ ದೋಣಿ ಇಳಿಸುವಾಗ ಜನ ಒಳಗೆ ಇರಲೇಬೇಕೆಂದಿಲ್ಲ. ಜೀವ ಉಳಿಸುವ ದೋಣಿಯಿಂದ ಮೊದಲು ಜೀವಗಳನ್ನು ಕೆಳಗಿಳಿಸಿ ಎಂಬ ಈ ತಿದ್ದುಪಡಿಯಷ್ಟು ಪ್ರಾಮಾಣಿಕ ವಾಕ್ಯವನ್ನು ಸೋಲಾಸ್‌ನಲ್ಲಿ ನಾನು ಬೇರೆ ಕಂಡಿಲ್ಲ.

ಈಗ ಏಣಿಗೂ ಶುಭದಿನ ಬಂದಿದೆ. 2025ರ ಜೂನಿನಲ್ಲಿ ಲಂಡನ್ನಿನಲ್ಲಿ 23ನೇ ನಿಯಮವನ್ನು ಹೊಸದಾಗಿ ಬರೆದಿದ್ದಾರೆ. 2028ರ ಜನವರಿ 1ರಿಂದ ಜಾರಿ. ಹಗ್ಗದ ಏಣಿಗೆ ಕೊನೆಗೂ ಆಯುಷ್ಯ ನಿಗದಿಯಾಗಿದೆ: ಬಳಕೆಗಿಳಿದು 30 ತಿಂಗಳು, ಇಲ್ಲವೇ ತಯಾರಾಗಿ 36 ತಿಂಗಳು. ಆಮೇಲೆ ಬಿಸಾಡಬೇಕು. ಬಿಸಿಲಿಗೂ ಉಪ್ಪುನೀರಿಗೂ ಹಗ್ಗ ಕೊಳೆಯುತ್ತದೆಂಬ ಸಂಗತಿ ಮಲ್ಪೆಯ ಬಂದರಿನಲ್ಲಿ ಬಲೆ ಹೆಣೆಯುವ ಅಜ್ಜನಿಗೆ ಹುಟ್ಟಿನಿಂದ ಗೊತ್ತು. ಅದು ಥೇಮ್ಸ್ ದಡದ ಕಟ್ಟಡವೇರಿ ಠರಾವಾಗಲು ಶತಮಾನ ದಾಟಿತು. ಆದರೂ ಒಳ್ಳೆಯದೇ ಆಯಿತು, ಕೈ ಮುಗಿಯೋಣ. ಮುಂದಿನ ಪ್ರಶ್ನೆ, ಆ 30 ತಿಂಗಳನ್ನು ಎಣಿಸುವವರು ಯಾರು? ಕಾಗದ. ಏಣಿಗೆ ವಯಸ್ಸಾದರೆ ಮೊದಲು ಬದಲಾಗುವುದು ಏಣಿಯೋ, ಅದರ ಮೇಲಿನ ತಾರೀಖಿನ ಬಿಲ್ಲೆಯೋ ಎಂಬುದನ್ನು 2030ರ ಹೊತ್ತಿಗೆ ನೋಡೋಣ.

ಏಕೆಂದರೆ ಪಣಂಬೂರಿನಾಚೆ, ಆಷಾಢದ ಸಮುದ್ರದಲ್ಲಿ ಕಾಗದ ಕೆಲಸಕ್ಕೆ ಬರುವುದಿಲ್ಲ. ಲಾಂಚ್ ಒಂದು ಅಲೆಗೆ ಮೇಲೆದ್ದು ಮುಂದಿನ ಅಲೆಗೆ ಆಳು ಎತ್ತರ ಕುಸಿಯುತ್ತದೆ. ಪೈಲಟ್ ಅದರ ಅಂಚಿನಲ್ಲಿ ನಿಂತು, ಹಡಗಿನ ಕಪ್ಪು ಗೋಡೆ ಪಕ್ಕದಲ್ಲೇ ಜಾರುತ್ತಿರುವಾಗ, ಲಾಂಚ್ ಅಲೆಯ ನೆತ್ತಿ ಮುಟ್ಟುವ ಕ್ಷಣಕ್ಕೆ ಕಾಯುತ್ತಾರೆ. ಆ ಕ್ಷಣಕ್ಕೇ ಏಣಿಗೆ ದಾಟಬೇಕು. ಮೊದಲೇ ದಾಟಿದರೆ ಮೇಲೇಳುವ ಲಾಂಚ್ ಕಾಲನ್ನು ಜಜ್ಜುತ್ತದೆ. ತಡವಾದರೆ ಕೈಗೆ ಸಿಗುವುದು ಗಾಳಿ. ಹಿಡಿಯಬೇಕಾದದ್ದು ಬದಿಯ ಹಗ್ಗವನ್ನು, ಮೆಟ್ಟಿಲನ್ನಲ್ಲ. ಮೆಟ್ಟಿಲು ಮುರಿದರೂ ಹಗ್ಗ ಉಳಿದೀತೆಂಬ ನಂಬಿಕೆ. ಆ ಹಗ್ಗ ಮೇಲೆ ಎಲ್ಲಿಗೆ, ಹೇಗೆ ಕಟ್ಟಿದೆ ಎಂಬುದು ಕೆಳಗೆ ನಿಂತವರಿಗೆ ಕಾಣುವುದಿಲ್ಲ. ಗಂಟು ನೋಡಬೇಕಿದ್ದರೆ ಮೊದಲು ಹತ್ತಬೇಕು. 2019ರ ಡಿಸೆಂಬರ್ 30ರಂದು ನ್ಯೂಯಾರ್ಕಿನ ಹೊರಗೆ ಅನುಭವಿ ಪೈಲಟ್ ಒಬ್ಬರು ಬಿದ್ದು ಸತ್ತದ್ದು ಹಗ್ಗದ ಏಣಿಯಿಂದ ಲೋಹದ ಮೆಟ್ಟಿಲಿನ ಕಿಂಡಿಯ ಮೂಲಕ ತೂರಿ ಮೇಲೇರಬೇಕಾದ ವ್ಯವಸ್ಥೆಯಲ್ಲಿ. ಅಂಥ ಕಿಂಡಿಗಳ ಬಗ್ಗೆ ಪೈಲಟ್‌ರು ಎಚ್ಚರಿಸುತ್ತಲೇ ಬಂದಿದ್ದರು. ಎಚ್ಚರಿಕೆ ತಲುಪಿತ್ತು. ಓದುವವರು ಮಲಗಿದ್ದರು.

ಏಣಿ ಸರಿಯಿಲ್ಲದಿದ್ದರೆ ಹತ್ತುವುದಿಲ್ಲ ಎನ್ನುವ ಹಕ್ಕು ಪೈಲಟ್‌ರಿಗೆ ಇದ್ದೇ ಇದೆ. ಚಲಾಯಿಸಿ ನೋಡಲಿ! ಹಡಗು ಕಾಯುತ್ತದೆ, ಧಕ್ಕೆ ಖಾಲಿ ಬೀಳುತ್ತದೆ, ಕ್ರೇನು ಸುಮ್ಮನೆ ನಿಲ್ಲುತ್ತದೆ, "ಎಂತ ಕ್ಯಾಪ್ಟನ್ರೇ, ನಿನ್ನೆ ಬಂದವರು ಇದೇ ಏಣಿ ಹತ್ತಿದ್ರಲ್ಲಾ ಮಾರಾಯ್ರೇ" ಎಂಬ ವಿನಯದ ವಿಚಾರಣೆ ಆರಂಭವಾಗುತ್ತದೆ. ನಿನ್ನೆಯವರು ಬೀಳಲಿಲ್ಲವೆಂಬುದೇ ಏಣಿಗೆ ಸಿಕ್ಕ ಅತ್ಯುನ್ನತ ಸರ್ಟಿಫಿಕೇಟು.

ಆದ್ದರಿಂದ ಸಮುದ್ರಯಾನದ ದೊಡ್ಡವರ ಪರಿಶೀಲನೆಗೆ ಒಂದು ಕರಡು ತಿದ್ದುಪಡಿಯನ್ನು ವಿನಯಪೂರ್ವಕವಾಗಿ ಒಪ್ಪಿಸುತ್ತಿದ್ದೇನೆ. ಖರ್ಚಿಲ್ಲ, ಹೊಸ ಯಂತ್ರವಿಲ್ಲ, ಹೊಸ ಫಾರಂ ಅಂತೂ ಇಲ್ಲವೇ ಇಲ್ಲ.

ಒಂದು: ಪೈಲಟ್ ಏಣಿಯ ಖರೀದಿ, ದೃಢೀಕರಣ, ನೋಂದಣಿ, ತಪಾಸಣೆಯ ಕಾಗದಗಳಿಗೆ ಸಹಿ ಹಾಕಿದ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ ಅದೇ ಏಣಿಯನ್ನು ಹತ್ತತಕ್ಕದ್ದು. ಬಾವುಟ ಕೊಟ್ಟ ದೇಶದ ಅಧಿಕಾರಿಯೂ ಇದರಲ್ಲಿ ಸೇರುತ್ತಾರೆ. ಆ ದೇಶಕ್ಕೆ ಸಮುದ್ರವಿಲ್ಲದಿದ್ದರೆ ನಮ್ಮದನ್ನು ಬಳಸಿಕೊಳ್ಳಬಹುದು.

ಎರಡು: ಹತ್ತುವ ಸ್ಥಳ ಬಂದರಿನ ಹೊರಗಿನ ತೆರೆದ ಸಮುದ್ರ. ಭಾರತದ ಪಶ್ಚಿಮ ಕರಾವಳಿಯಲ್ಲಾದರೆ ಜುಲೈ ತಿಂಗಳು. ಹವಾಮಾನದ ಬಗ್ಗೆ ತಕರಾರು ಸ್ವೀಕರಿಸಲಾಗದು, ಪೈಲಟ್‌ರದೂ ಸ್ವೀಕರಿಸುತ್ತಿರಲಿಲ್ಲ.

ಮೂರು: ಹಡಗು ನಿಲ್ಲತಕ್ಕದ್ದಲ್ಲ. ಗ್ಲೌಸ್ ತೊಡಲು ಅಡ್ಡಿಯಿಲ್ಲ.

ನಾಲ್ಕು: ಹಳೆಯ ಹಡಗಿನ ಮಾಲೀಕರಿಗೆ ಹಳೆಯ ನಿಯಮದ ವಿನಾಯಿತಿ ಇಲ್ಲ. ವಯಸ್ಸಾದ ಮಾಲೀಕರಿಗೂ ಇಲ್ಲ.

ಐದು: ಏಣಿಯ ಪಕ್ಕದಲ್ಲಿ ತಾನೇ ಹೊತ್ತಿಕೊಳ್ಳುವ ದೀಪವಿರುವ ಲೈಫ್ ಬಾಯ್ ಇರಬೇಕೆಂದು ನಿಯಮ ಈಗಲೇ ಹೇಳುತ್ತದೆ. ಆ ದೀಪ ಹೊತ್ತುತ್ತದೆಯೇ ಎಂದು ಹತ್ತುವ ಮುನ್ನ ಸಹಿದಾರರೇ ನೋಡಿಕೊಳ್ಳತಕ್ಕದ್ದು. ಬಿದ್ದ ಮೇಲೆ ಬಂದ ದೂರುಗಳನ್ನು ಪರಿಗಣಿಸಲಾಗದು.

ಆರು: ಹತ್ತಲು ಮನಸ್ಸಿಲ್ಲದವರಿಗೆ ನಿರಾಕರಿಸುವ ಪೂರ್ಣ ಹಕ್ಕಿದೆ. ಆದರೆ ನಿರಾಕರಣೆಯನ್ನು ಫೋನಿನಲ್ಲಾಗಲಿ, ಈಮೇಲಿನಲ್ಲಾಗಲಿ, ವಕೀಲರ ಮೂಲಕವಾಗಲಿ ತಿಳಿಸುವಂತಿಲ್ಲ. ಕಡ್ಡಾಯವಾಗಿ ಇಟ್ಟಿರುವ ಆಲ್ಡಿಸ್ ಲ್ಯಾಂಪಿನಿಂದ, 2 ನಾಟಿಕಲ್ ಮೈಲು ದೂರಕ್ಕೆ ಕಾಣುವಂತೆ, ಮೋರ್ಸ್‌ನಲ್ಲಿ ಸ್ವಂತ ಕೈಯಿಂದ ಮಿಣುಕಿಸತಕ್ಕದ್ದು. ಇಲ್ಲ ಎನ್ನಲು ಒಂದು ಉದ್ದ, ಒಂದು ಗಿಡ್ಡ. ಅಷ್ಟೂ ಬಾರದವರು ಲಾಂಚಿನ ಅಂಚಿಗೆ ಬಂದು ನಿಲ್ಲಬಹುದು.

ಈ ಆರು ಅಂಶಗಳನ್ನು ಒಪ್ಪಿಕೊಂಡರೆ 115 ಮಿಲಿಮೀಟರ್, 25 ಮಿಲಿಮೀಟರ್, ಐದನೆಯ ಮೆಟ್ಟಿಲು, 30 ತಿಂಗಳು ಎಂದು 23ನೇ ನಿಯಮದ ಸುತ್ತ ಬೆಳೆದಿರುವ ಪುಟಗಳನ್ನೆಲ್ಲ ಹರಿದುಹಾಕಬಹುದು. ತಮ್ಮದೇ ಕಾಲು ಊರಬೇಕಾದ ಮೆಟ್ಟಿಲಿನ ದಪ್ಪವನ್ನು ಯಾರೂ ಪುಸ್ತಕ ನೋಡಿ ಅಳೆಯುವುದಿಲ್ಲ.